ಓಪನ್ ಸೋರ್ಸ್ ಬ್ರೌಸರ್ ಆಟಗಳ ಸಣ್ಣ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೌಸರ್‌ನಲ್ಲೇ ಆಡಬಹುದಾದ, ಕೋಡ್ ಮುಕ್ತವಾಗಿರುವ ಆಟಗಳನ್ನು ಆಯ್ದು ಒಂದೆಡೆ ಇಡಬೇಕೆನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ನನ್ನ ಪಕ್ಷಪಾತವೂ ಬೆರೆತಿದೆ. ಉದ್ದನೆಯ ಪಟ್ಟಿಗಿಂತ, ಪ್ರತಿಯೊಂದು ಆಟದ ಒಳಹೊರಗೂ ಗೊತ್ತಿರುವ ಚಿಕ್ಕ ಪಟ್ಟಿಯೇ ಮೇಲೆಂದು ನಂಬಿದವನು ನಾನು.

ಎಷ್ಟು ಆಟಗಳಿದ್ದರೆ ಅದು ಸಣ್ಣ ಸಂಗ್ರಹ?

ಒಂದು ರಜಾದಿನದಲ್ಲಿ ಎಲ್ಲವನ್ನೂ ತೆರೆದು, ಒಂದೊಂದು ಸುತ್ತು ಆಡಿ, ಯಾವುದೂ ಕೆಟ್ಟಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಆಗುವಷ್ಟು. ಬ್ರೌಸರ್‌ಗಳು ಕೆಲವೇ ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡಿಸುತ್ತವೆ. ನೀವು ಏನೂ ಮಾಡದಿದ್ದರೂ ನೆಲ ಕದಲುತ್ತಲೇ ಇರುತ್ತದೆ. ಇನ್ನೂರು ಆಟ ಗುಡ್ಡೆ ಹಾಕಿದರೆ ಅವುಗಳಲ್ಲಿ ಯಾವುದು ಸತ್ತಿದೆ ಎಂಬುದು ನಿಮಗಿಂತ ಮೊದಲು ಆಡಲು ಬಂದವರಿಗೆ ಗೊತ್ತಾಗುತ್ತದೆ.

ದುಡ್ಡು ಕೊಡದೆ ಆಡಬಹುದಾದ ಆಟವೆಲ್ಲ ಓಪನ್ ಸೋರ್ಸ್ ತಾನೆ?

ಅಲ್ಲ. ಬಹುಪಾಲು ಉಚಿತ ಆಟಗಳ ಕೋಡ್ ಅದರ ಮಾಲೀಕರ ಸ್ವತ್ತು. ಆಡಲು ಬಿಟ್ಟಿದ್ದಾರೆ, ಅಷ್ಟೆ. ನಾಳೆ ಅವರು ಬಾಗಿಲು ಹಾಕಿದರೆ ನೀವು ಕೇಳುವ ಹಾಗಿಲ್ಲ. ಓಪನ್ ಸೋರ್ಸ್ ಎನ್ನಬೇಕಾದರೆ ಕೋಡನ್ನು ಓದುವ, ಬದಲಿಸುವ, ಪ್ರತಿ ಮಾಡಿ ಹಂಚುವ ಹಕ್ಕನ್ನು ಪರವಾನಗಿಯೇ ಕೊಟ್ಟಿರಬೇಕು. 1998ರಲ್ಲಿ ಶುರುವಾದ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ ಹತ್ತು ಅಂಶಗಳ ವ್ಯಾಖ್ಯೆಯೊಂದನ್ನು ಇಟ್ಟುಕೊಂಡಿದೆ. ಅನುಮಾನ ಬಂದಾಗ ನಾನು ನೋಡುವುದು ಅದನ್ನೇ.

'ವಾಣಿಜ್ಯೇತರ ಬಳಕೆಗೆ ಮಾತ್ರ' ಎಂದು ಬರೆದಿದ್ದರೆ?

ಆ ವ್ಯಾಖ್ಯೆಯ ಆರನೆಯ ಅಂಶ ಇದಕ್ಕೆ ಅಡ್ಡ ಬರುತ್ತದೆ: ಯಾವ ಕೆಲಸಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂದು ಪರವಾನಗಿ ಕಟ್ಟುಪಾಡು ಹಾಕುವಂತಿಲ್ಲ. ಹಾಗಾಗಿ ಆಟ ಎಷ್ಟೇ ಚೆನ್ನಾಗಿದ್ದರೂ ಓಪನ್ ಸೋರ್ಸ್ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಬೇಕಿದ್ದರೆ ಬೇರೆ ಹೆಸರಿನಡಿ ಬೇರೆ ಪಟ್ಟಿ ಮಾಡಿ.

ಕೋಡ್ ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ, ಆದರೆ ಪರವಾನಗಿ ಕಡತವಿಲ್ಲ. ಬಳಸಬಹುದೇ?

ಬಳಸುವಂತಿಲ್ಲ. ಪರವಾನಗಿ ಇಲ್ಲವೆಂದರೆ ಎಲ್ಲ ಹಕ್ಕುಗಳೂ ಬರೆದವರಲ್ಲೇ ಉಳಿದಿವೆ ಎಂದೇ ಅರ್ಥ. ಗಿಟ್‌ಹಬ್‌ನ ನಿಯಮಗಳ ಪ್ರಕಾರ ಅಲ್ಲಿಯೇ ನೋಡಬಹುದು, ಅಲ್ಲಿಯೇ ಫೋರ್ಕ್, ಅಂದರೆ ನಿಮ್ಮ ಖಾತೆಗೊಂದು ಪ್ರತಿ, ಮಾಡಿಕೊಳ್ಳಬಹುದು. ಎತ್ತಿಕೊಂಡು ಬಂದು ಬೇರೆಡೆ ಇಡುವ ಅನುಮತಿ ಅದರಲ್ಲಿಲ್ಲ.

ಇದು ಹೆಚ್ಚಾಗಿ ಎದುರಾಗುವುದು ಸ್ಪರ್ಧೆಗಳ ಆಟಗಳಲ್ಲಿ. 2012ರಿಂದ ಪ್ರತಿ ವರ್ಷ ನಡೆಯುವ ಜೆಎಸ್13ಕೆ ಸ್ಪರ್ಧೆಯನ್ನೇ ನೋಡಿ. ಇಡೀ ಆಟ ಜಿಪ್ ಮಾಡಿದಾಗ 13 ಕಿಲೋಬೈಟ್ ಮೀರಬಾರದು. ಸಣ್ಣ ಸಂಗ್ರಹಕ್ಕೆ ಹೇಳಿ ಮಾಡಿಸಿದಂಥ ಆಟಗಳು ಅಲ್ಲಿ ರಾಶಿ ಬಿದ್ದಿವೆ. ಓದಬಹುದಾದ ಕೋಡನ್ನು ಗಿಟ್‌ಹಬ್‌ನಲ್ಲಿ ಇಡಬೇಕೆಂಬ ನಿಯಮವೂ ಉಂಟು. ಆದರೆ ಕೋಡ್ ಇಟ್ಟವರೆಲ್ಲ ಪರವಾನಗಿ ಸೇರಿಸಿರುವುದಿಲ್ಲ. ಸ್ಪರ್ಧೆಯ ಗಡುವಿನ ಗಡಿಬಿಡಿಯಲ್ಲಿ ಯಾರಿಗೆ ತಾನೆ ಅದು ನೆನಪಿರುತ್ತದೆ?

ದಾರಿ ಒಂದೇ, ಕೇಳುವುದು. ರೆಪೊಸಿಟರಿಯಲ್ಲೇ, ಅಂದರೆ ಆಟದ ಕೋಡ್ ಇರುವ ಜಾಗದಲ್ಲೇ, ಒಂದು ಇಶ್ಯೂ (ಸಾರ್ವಜನಿಕ ಚರ್ಚೆಯ ಎಳೆ) ತೆರೆದು 'ನಿಮ್ಮ ಆಟ ಹಿಡಿಸಿತು, ಸಂಗ್ರಹದಲ್ಲಿ ಇಡಬೇಕೆಂದಿದ್ದೇನೆ, ಎಂಐಟಿಯಂಥ ಪರವಾನಗಿ ಸೇರಿಸುತ್ತೀರಾ' ಎಂದು ಎರಡು ಸಾಲು ಬರೆಯಿರಿ. ಎಂಐಟಿ ಎಂದರೆ ಷರತ್ತು ತೀರ ಕಡಿಮೆ ಇರುವ ಮುಕ್ತ ಪರವಾನಗಿ. ಅನೇಕರು ಖುಷಿಯಿಂದಲೇ ಸೇರಿಸುತ್ತಾರೆ. ಖಾಸಗಿ ಪತ್ರದಲ್ಲಿ 'ಆಗಲಿ' ಎಂದರೆ ಅದು ನಿಮಗೊಬ್ಬರಿಗೆ ಸಿಕ್ಕ ಅನುಮತಿ. ಪರವಾನಗಿ ಕಡತವಾಗಿ ರೆಪೊಸಿಟರಿಯಲ್ಲಿ ಕೂತರೆ ಮಾತ್ರ ಮುಂದೆ ನಿಮ್ಮಿಂದ ಪಡೆಯುವವರಿಗೂ ಅದು ದಕ್ಕುತ್ತದೆ. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಮೌನವನ್ನು ಸಮ್ಮತಿಯೆಂದು ಕಾನೂನು ಒಪ್ಪುವುದಿಲ್ಲ.

ಪರವಾನಗಿ ಎಂಐಟಿ ಎಂದಿದೆ. ಇನ್ನೇನು ನೋಡುವುದು ಬಾಕಿ?

ಅಸಲು ಕೆಲಸವೇ ಬಾಕಿ. ಆಟವೆಂದರೆ ಕೋಡ್ ಮಾತ್ರವಲ್ಲ. ಚಿತ್ರ, ಸದ್ದು, ಸಂಗೀತ, ಅಕ್ಷರ ವಿನ್ಯಾಸದ ಫಾಂಟ್, ಹಂತಗಳ ನಕ್ಷೆ, ಹೆಸರು ಎಲ್ಲವೂ ಸೇರಿ ಆಟ. ಇವೆಲ್ಲ ಒಬ್ಬರದೇ ಆಗಿರಬೇಕಿಲ್ಲ, ಒಂದೇ ಪರವಾನಗಿಯಲ್ಲಿ ಇರಬೇಕಿಲ್ಲ.

ಇದನ್ನು ಶಿಸ್ತಾಗಿ ಬಿಡಿಸಿಟ್ಟ ಮಾದರಿಯೆಂದರೆ 2012ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಸಂಸ್ಥೆ ಹೊರತಂದ, ಅನೇಕರು ಒಟ್ಟಿಗೆ ಆಡುವ ಬ್ರೌಸರ್‌ಕ್ವೆಸ್ಟ್. ಕೋಡ್‌ಗೆ ಮೊಜಿಲ್ಲಾ ಪಬ್ಲಿಕ್ ಪರವಾನಗಿ 2.0, ಚಿತ್ರ ಮುಂತಾದವಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಹೆಸರುಸಹಿತ–ಸಮಾನಹಂಚಿಕೆ 3.0 ಎಂದು ಬೇರೆಬೇರೆಯಾಗಿಯೇ ಬರೆದಿದ್ದಾರೆ. ಇಷ್ಟು ಅಚ್ಚುಕಟ್ಟು ಅಪರೂಪ. ಸಾಮಾನ್ಯವಾಗಿ ಸಿಗುವುದು ಹೀಗೆ: ಮೇಲೆ ಎಂಐಟಿ ಎಂದಿರುತ್ತದೆ, ಒಳಗಿನ ಚಿತ್ರಗಳ ಕಡತಕೋಶ ತೆರೆದರೆ ಯಾವುದೋ ಹಳೆಯ ಕನ್ಸೋಲ್ ಆಟದಿಂದ ಕಿತ್ತು ತಂದ ಬೊಂಬೆಗಳು, ಸಿನಿಮಾದ ಹಿನ್ನೆಲೆ ಸಂಗೀತ. ಕೋಡ್ ಬರೆದವರು ತಮ್ಮದಲ್ಲದ್ದನ್ನು ದಾನ ಮಾಡಲಾರರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬ ಪರಿಸ್ಥಿತಿ.

ನಾನು ಪ್ರತಿ ಆಟಕ್ಕೂ ಒಂದು ಕಡತ ಇಡುತ್ತೇನೆ. ಅದರಲ್ಲಿ ಕೋಡ್, ಚಿತ್ರ, ಸದ್ದು, ಫಾಂಟ್ ಎಂದು ಬೇರೆಬೇರೆ ಸಾಲು. ಪ್ರತಿ ಸಾಲಿಗೂ ಮೂಲ ಎಲ್ಲಿಯದು, ಪರವಾನಗಿ ಯಾವುದು ಎಂಬ ವಿವರ. ಫಾಂಟ್ ತಾನೆ ಎಂದು ಉದಾಸೀನ ಬೇಡ. ಎಲ್ಲರೂ ಬಲ್ಲ, ಅಂಕಿಗಳ ಬಿಲ್ಲೆ ಕೂಡಿಸುವ 2048 ಆಟದ ಕೋಡ್ ಎಂಐಟಿಯಲ್ಲಿದೆ, ಅದರೊಳಗಿನ ಕ್ಲಿಯರ್ ಸ್ಯಾನ್ಸ್ ಫಾಂಟ್ ಅಪಾಚೆ 2.0 ಪರವಾನಗಿಯದು. ಎರಡೂ ಮುಕ್ತವೇ, ಆದರೆ ಎರಡರ ಷರತ್ತೂ ಒಂದೇ ಅಲ್ಲ.

ಚಿತ್ರಗಳ ಮೂಲ ಗೊತ್ತಾಗದಿದ್ದರೆ ಎರಡು ದಾರಿ. ಆಟವನ್ನು ಕೈಬಿಡುವುದು ಒಂದು. ಚಿತ್ರಗಳನ್ನೇ ಬದಲಿಸುವುದು ಇನ್ನೊಂದು. ಓಪನ್‌ಗೇಮ್‌ಆರ್ಟ್ ಎಂಬ ತಾಣದಲ್ಲಿಯೂ ಕೆನಿ ಹೆಸರಿನ ಚಿತ್ರಸಂಗ್ರಹಗಳಲ್ಲಿಯೂ ಬೇಕಾದಷ್ಟು ಸಿಗುತ್ತವೆ. ಕೆನಿಯವು ಸಿಸಿ0, ಅಂದರೆ ಹೆಸರು ಹೇಳಬೇಕೆಂಬ ಷರತ್ತೂ ಇಲ್ಲ. ಓಪನ್‌ಗೇಮ್‌ಆರ್ಟ್‌ನಲ್ಲಿ ಒಂದೊಂದಕ್ಕೆ ಒಂದೊಂದು ಪರವಾನಗಿ ಇರುವುದರಿಂದ ಮತ್ತೆ ಅದೇ ತಪಾಸಣೆ.

ಪ್ರಸಿದ್ಧ ಆಟವೊಂದರ ತದ್ರೂಪನ್ನು ಯಾರೋ ಬರೆದು ಎಂಐಟಿ ಹಾಕಿದ್ದಾರೆ. ಇಡಬಹುದೇ?

ಆಟದ ನಿಯಮಗಳಿಗೆ ಹಕ್ಕುಸ್ವಾಮ್ಯವಿಲ್ಲ, ಅವು ಕಾಣಿಸಿಕೊಳ್ಳುವ ರೂಪಕ್ಕೆ ಇದೆ. ಈ ಗೆರೆ ಎಲ್ಲಿದೆ ಎಂಬುದನ್ನು 2012ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ಟೆಟ್ರಿಸ್ ಮತ್ತು ಕ್ಸಿಯೋ ನಡುವಿನ ಮೊಕದ್ದಮೆಯಲ್ಲಿ ವಿವರವಾಗಿ ನೋಡಿತು. ತುಂಡುಗಳು ಬೀಳುವುದು, ಸಾಲು ತುಂಬಿದರೆ ಅಳಿಯುವುದು ಎಂಬ ಕಲ್ಪನೆಯನ್ನು ಯಾರೂ ಬಳಸಬಹುದು. ಆದರೆ ಅದೇ ಆಕಾರದ ತುಂಡುಗಳು, ಅದೇ ಅಳತೆಯ ಅಂಕಣ, ಅದೇ ನೋಟವನ್ನು ಎತ್ತಿಕೊಂಡರೆ ಉಲ್ಲಂಘನೆ ಎಂದು ತೀರ್ಪಾಯಿತು.

ಹಾಗಾಗಿ ಬೀಳುವ ತುಂಡುಗಳ ಆಟ ಬೇಕೆಂದರೆ ನಾನು ತದ್ರೂಪಿನ ಬದಲು ಹೆಕ್ಸ್‌ಟ್ರಿಸ್ ಇಡುತ್ತೇನೆ. ನಡುವೆ ತಿರುಗುವ ಷಡ್ಭುಜ, ಅದರ ಆರು ಬದಿಗಳ ಮೇಲೆ ಬಂದು ಕೂರುವ ಬಣ್ಣದ ಪಟ್ಟಿಗಳು. ಕಲ್ಪನೆಯ ಬೇರು ಹಳೆಯದು, ರೂಪ ಅದರದೇ. ಪರವಾನಗಿ ಜಿಪಿಎಲ್ 3, ಅಂದರೆ ಬದಲಿಸಿ ಹಂಚಿದ್ದನ್ನೂ ಅದೇ ಪರವಾನಗಿಯಡಿ ಬಿಡಬೇಕೆನ್ನುವುದು. ಹೆಸರಿನ ವಿಚಾರವೂ ನೆನಪಿರಲಿ. ಟ್ರೇಡ್‌ಮಾರ್ಕ್ ಆಗಿರುವ ಹೆಸರನ್ನು ಕೋಡ್‌ನ ಪರವಾನಗಿ ನಿಮಗೆ ಕೊಡುವುದಿಲ್ಲ.

ಯಾವ ಆಟಗಳಿಂದ ಶುರು ಮಾಡಲಿ?

ಸೈಮನ್ ಟ್ಯಾಥಮ್ ಅವರ ಒಗಟುಗಳ ಸಂಗ್ರಹದಿಂದ. ಇನ್ನೇನೂ ಇಡದಿದ್ದರೂ ಇದೊಂದನ್ನು ಇಡಿ. 2004ರಿಂದ ಬೆಳೆಯುತ್ತ ಬಂದು ಈಗ 40 ಒಗಟುಗಳಾಗಿವೆ. ಸಿ ಭಾಷೆಯಲ್ಲಿ ಬರೆದದ್ದನ್ನು ಎಂಸ್ಕ್ರಿಪ್ಟೆನ್ ಎಂಬ ಪರಿವರ್ತಕದ ಮೂಲಕ ಬ್ರೌಸರ್‌ಗೆ ಇಳಿಸಿದ್ದಾರೆ. ಪರವಾನಗಿ ಎಂಐಟಿ. ಚಿತ್ರವೆಲ್ಲ ಕೋಡ್‌ನಿಂದಲೇ ಬಿಡಿಸಿದ್ದು, ಸಂಗೀತವಿಲ್ಲ. ಹಾಗಾಗಿ ಮೇಲೆ ಹೇಳಿದ ತಲೆನೋವು ಯಾವುದೂ ಇಲ್ಲ. ಗುಣಮಟ್ಟದ ಬಗ್ಗೆ ಒಂದೇ ಉದಾಹರಣೆ ಸಾಕು. ಅಡಗಿಸಿಟ್ಟ ಬಾಂಬ್‌ಗಳನ್ನು ತಪ್ಪಿಸಬೇಕಾದ ಅದರ ಮೈನ್ಸ್ ಆಟದಲ್ಲಿ ಮೊದಲ ಕ್ಲಿಕ್ಕಿನ ನಂತರ ಊಹಿಸಬೇಕಾದ ಪ್ರಮೇಯವೇ ಬರುವುದಿಲ್ಲ, ತರ್ಕದಿಂದಲೇ ಕೊನೆಮುಟ್ಟಬಹುದಾದ ಹಲಗೆಯನ್ನಷ್ಟೇ ಅದು ಕೊಡುತ್ತದೆ.

ಅದರ ಪಕ್ಕಕ್ಕೆ 2048. 2014ರ ಮಾರ್ಚ್‌ನಲ್ಲಿ ಗೇಬ್ರಿಯೆಲೆ ಚಿರುಲ್ಲಿ ಬಿಡುಗಡೆ ಮಾಡಿದ ಇದರ ಕೋಡ್ ಎಷ್ಟು ಚಿಕ್ಕದು, ಎಷ್ಟು ಸ್ವಚ್ಛವೆಂದರೆ ಕಲಿಯುವವರು ಒಂದು ಕೂರಿಕೆಯಲ್ಲಿ ಓದಿ ಮುಗಿಸಬಹುದು. ಮೂರನೆಯದು 2013ರ ಎ ಡಾರ್ಕ್ ರೂಮ್. ಬರಿಯ ಪಠ್ಯದ ಆಟ, ಮೊಜಿಲ್ಲಾ ಪರವಾನಗಿ. ಮೊದಲ ಕೆಲವು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ. ಅಲ್ಲೇ ಎದ್ದು ಹೋಗದವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೇಳಿ ನಿಮ್ಮ ಆಟ ಕೆಡಿಸಲಾರೆ.

ಮೂಲ ತಾಣಕ್ಕೆ ಕೊಂಡಿ ಕೊಟ್ಟರೆ ಸಾಲದೆ? ಪ್ರತಿ ಏಕೆ ಇಡಬೇಕು?

ಕೊಂಡಿಯೂ ಬೇಕು, ಪ್ರತಿಯೂ ಬೇಕು. ಕೊಂಡಿ ಬರೆದವರಿಗೆ ಸಲ್ಲಬೇಕಾದ ಗೌರವ. ಪ್ರತಿ ನಿಮ್ಮ ಭದ್ರತೆ. ಹವ್ಯಾಸಿಗಳ ಡೊಮೈನ್ ಹೆಸರು ನವೀಕರಣವಾಗದೆ ಬೇರೆಯವರ ಪಾಲಾಗುವುದು ನಿತ್ಯದ ಮಾತು. ಆಗ ನಿಮ್ಮ ಕೊಂಡಿ ಒಗಟಿನ ಆಟಕ್ಕಲ್ಲ, ಜೂಜಿನ ಅಡ್ಡೆಗೆ ಕರೆದೊಯ್ಯಬಹುದು. ಪ್ರತಿ ತೆಗೆದುಕೊಳ್ಳುವಾಗ ಯಾವ ಕಮಿಟ್‌ನಿಂದ (ಕೋಡ್‌ನ ಇತಿಹಾಸದಲ್ಲಿ ದಾಖಲಾದ ಹಂತ) ತೆಗೆದಿರಿ ಎಂಬುದನ್ನು ಬರೆದಿಡಿ. ಮುಂದೆ ಹೊಸ ಆವೃತ್ತಿ ಬಂದಾಗ ಏನು ಬದಲಾಗಿದೆ ಎಂದು ಹೋಲಿಸಲು ಅದೊಂದೇ ಆಧಾರ.

ಪ್ರತಿ ಎಂದರೆ ಪೂರ್ತಿ ಪ್ರತಿ. ಅನೇಕ ಆಟಗಳು ಫಾಂಟನ್ನೋ ಲೈಬ್ರರಿಯನ್ನೋ ಹೊರಗಿನ ಸರ್ವರ್‌ನಿಂದ ಎಳೆದುಕೊಳ್ಳುತ್ತವೆ. ಪಾಲಿಫಿಲ್ ಡಾಟ್ ಐಒ ಎಂಬ ಡೊಮೈನ್ 2024ರ ಫೆಬ್ರವರಿಯಲ್ಲಿ ಕೈ ಬದಲಾಗಿ, ಜೂನ್ ವೇಳೆಗೆ ಅದರಿಂದ ಕೋಡ್ ಪಡೆಯುತ್ತಿದ್ದ 1 ಲಕ್ಷಕ್ಕೂ ಹೆಚ್ಚು ತಾಣಗಳಿಗೆ ಕಿಡಿಗೇಡಿ ಕೋಡ್ ನುಗ್ಗಿತು. ಆ ತಾಣಗಳವರು ತಮ್ಮ ಕಡೆ ಒಂದು ಸಾಲನ್ನೂ ಬದಲಿಸಿರಲಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಪುಟ ತೆರೆದಿಟ್ಟು ಆಟ ಶುರುಮಾಡಿ. ನಿಮ್ಮದಲ್ಲದ ವಿಳಾಸ ಒಂದು ಕಂಡರೂ ಆ ಕಡತವನ್ನು ಒಳಗೆ ತಂದುಕೊಳ್ಳಿ. ಮೂಲ ಲೇಖಕರು ಹಾಕಿಕೊಂಡಿದ್ದ ಭೇಟಿಗಣನೆಯ ತುಣುಕು ಕಂಡರೆ ಕಿತ್ತುಹಾಕಿ. ನಿಮ್ಮಲ್ಲಿ ಆಡಿದವರ ಲೆಕ್ಕ ಅವರಿಗೂ ಬೇಕಿಲ್ಲ.

ಎರಡು ಆಟಗಳ ಅಂಕಗಳು ಕಲಸಿಹೋಗುತ್ತಿವೆ. ಯಾಕೆ?

ಆಟಗಳು ಅಂಕ ಉಳಿಸಿಡುವ ಜಾಗವಾದ ಬ್ರೌಸರ್‌ನ ಲೋಕಲ್ ಸ್ಟೋರೇಜ್ ಆಟಕ್ಕೊಂದರಂತೆ ಇರುವುದಿಲ್ಲ. ತಾಣದ ಮೂಲಕ್ಕೊಂದು, ಅಂದರೆ ಪೂರ್ತಿ ಡೊಮೈನ್ ಹೆಸರಿಗೊಂದು, ಇರುತ್ತದೆ. ಒಂದೇ ಡೊಮೈನ್‌ನ ಬೇರೆಬೇರೆ ಕಡತಕೋಶಗಳಲ್ಲಿ ಇಟ್ಟ ಆಟಗಳೆಲ್ಲ ಒಂದೇ ಪೆಟ್ಟಿಗೆಗೆ ಕೈ ಹಾಕುತ್ತವೆ. 2048 ತನ್ನ ಗರಿಷ್ಠ ಅಂಕವನ್ನು 'ಬೆಸ್ಟ್‌ಸ್ಕೋರ್' ಎಂಬ ಹೆಸರಿನಲ್ಲಿ, ನಡೆಯುತ್ತಿರುವ ಆಟವನ್ನು 'ಗೇಮ್‌ಸ್ಟೇಟ್' ಎಂಬ ಹೆಸರಿನಲ್ಲಿ ಇಡುತ್ತದೆ. ಅದರಿಂದ ಹುಟ್ಟಿದ ರೂಪಾಂತರಗಳು ಈ ಹೆಸರುಗಳನ್ನು ಬದಲಿಸುವ ಗೋಜಿಗೆ ಹೋಗಿರುವುದಿಲ್ಲ. ಮೂಲವನ್ನೂ ರೂಪಾಂತರವನ್ನೂ ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಅರ್ಧ ಆಡಿದ ಹಲಗೆ ಇನ್ನೊಂದರಲ್ಲಿ ಪ್ರತ್ಯಕ್ಷ! ಗಿಟ್‌ಹಬ್‌ನ ತಾಣಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಒಂದೇ ಖಾತೆಯ ಎಲ್ಲ ಯೋಜನೆಗಳೂ ಒಂದೇ ಮೂಲ ಎನಿಸಿಕೊಳ್ಳುವುದರಿಂದ ಅಲ್ಲಿಯೂ ಇದೇ ಕಥೆ.

ಸರಿಯಾದ ಪರಿಹಾರ ಆಟಕ್ಕೊಂದು ಸಬ್‌ಡೊಮೈನ್, ಅಂದರೆ ನಿಮ್ಮ ಡೊಮೈನ್‌ನಡಿ ಬೇರೆ ಹೆಸರಿನ ವಿಳಾಸ. ಅದು ಆಗದಿದ್ದರೆ ಕೋಡ್‌ನೊಳಗೆ ಹೋಗಿ ಪ್ರತಿ ಹೆಸರಿನ ಹಿಂದೆ ಆಟದ ಹೆಸರು ಸೇರಿಸಿ. ಐಫ್ರೇಮ್‌ನೊಳಗೆ (ಪುಟದೊಳಗಿನ ಪುಟ) ಸ್ಯಾಂಡ್‌ಬಾಕ್ಸ್ (ಆಟದ ಕೈಕಟ್ಟುವ ಬೇಲಿ) ಹಾಕಿ ಬಿಗಿ ಮಾಡುತ್ತೇನೆ ಎಂದು ಹೊರಟರೆ ಇನ್ನೊಂದು ಪೇಚು: ಮೂಲದ ಗುರುತನ್ನು ಉಳಿಸಿಕೊಳ್ಳುವ ಅನುಮತಿ ಕೊಡದಿದ್ದರೆ ಲೋಕಲ್ ಸ್ಟೋರೇಜ್ ಮುಟ್ಟಿದ ಕೂಡಲೇ ದೋಷ ಬಂದು ಅನೇಕ ಆಟಗಳು ಶುರುವಾಗುವುದೇ ಇಲ್ಲ. ನಿಮ್ಮದೇ ಡೊಮೈನ್‌ನ ಆಟಕ್ಕೆ ಆ ಅನುಮತಿಯನ್ನೂ ಸ್ಕ್ರಿಪ್ಟ್ ಅನುಮತಿಯನ್ನೂ ಒಟ್ಟಿಗೆ ಕೊಟ್ಟರೆ ಸ್ಯಾಂಡ್‌ಬಾಕ್ಸನ್ನು ಆಟವೇ ಕಳಚಿಹಾಕಬಲ್ಲದು. ಸುತ್ತಿ ಸುತ್ತಿ ಮತ್ತೆ ಸಬ್‌ಡೊಮೈನ್‌ಗೇ ಬರಬೇಕು.

ಇನ್ನೊಂದು ಮಾತು. ಸಫಾರಿ ಬಳಸುವವರು ಏಳು ದಿನ ಬ್ರೌಸರ್ ಬಳಸಿಯೂ ನಿಮ್ಮ ತಾಣದತ್ತ ಸುಳಿಯದಿದ್ದರೆ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಇದು 2020ರಿಂದ ಅದರ ಖಾಸಗಿತನದ ನೀತಿ. ದೀರ್ಘ ಆಟಗಳ ಪಕ್ಕ ಈ ಎಚ್ಚರಿಕೆ ಬರೆಯಿರಿ. ಪ್ರಗತಿಯನ್ನು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನು ತೋರಿಸಿಕೊಡಿ.

ಆಟದ ಕಡತವನ್ನು ನೇರವಾಗಿ ತೆರೆದರೆ ಬಿಳಿ ಪರದೆ ಮಾತ್ರ ಕಾಣುತ್ತದೆ.

ಸ್ವಂತ ಯಂತ್ರದಲ್ಲಿ ಎರಡು ಬಾರಿ ಕ್ಲಿಕ್ ಮಾಡಿ ತೆರೆದಾಗ ಭದ್ರತೆಯ ಕಾರಣಕ್ಕೆ ಬ್ರೌಸರ್ ಪಕ್ಕದ ಕಡತಗಳನ್ನು ಮಾಡ್ಯೂಲ್ ಆಗಿ ಓದಲು ಬಿಡುವುದಿಲ್ಲ. ಪೈಥಾನ್ ಜೊತೆಗೆ ಬರುವ ಚಿಕ್ಕ ವೆಬ್ ಸರ್ವರ್ ಓಡಿಸಿ, ಅದರ ಮೂಲಕ ತೆರೆಯಿರಿ.

ಹಳೆಯ ಆಟ ಹೊಸ ಪರದೆಯಲ್ಲಿ ಎರಡು ಪಟ್ಟು ವೇಗವಾಗಿ ಓಡುತ್ತದೆ!

ಬರೆದವರು ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುವ ಪರದೆಯನ್ನೇ ಎದುರಿಗಿಟ್ಟುಕೊಂಡು, ಪ್ರತಿ ಬದಲಾವಣೆಗೂ ಚೆಂಡನ್ನು ಇಂತಿಷ್ಟು ಪಿಕ್ಸೆಲ್ ಸರಿಸಿರುತ್ತಾರೆ. 120 ಅಥವಾ 144 ಹರ್ಟ್ಜ್ ಪರದೆಯಲ್ಲಿ ಅದೇ ಕೋಡ್ ಅಷ್ಟೂ ಬಾರಿ ಓಡುತ್ತದೆ. ಕಳೆದ ಬಾರಿಯಿಂದ ಈವರೆಗೆ ಎಷ್ಟು ಸಮಯವಾಯಿತು ಎಂದು ಅಳೆದು, ಅದಕ್ಕೆ ತಕ್ಕಂತೆ ಸರಿಸುವ ಹಾಗೆ ತಿದ್ದಬೇಕು. ತಿದ್ದುಪಡಿ ಕೆಲವೇ ಸಾಲಿನದು. ತಿದ್ದಿದ ಮೇಲೆ ಮೂಲ ಯೋಜನೆಗೂ ಕಳುಹಿಸಿ.

ಸದ್ದು ಬರದಿರುವುದೂ ಇದೇ ಜಾತಿಯ ದೂರು. 2018ರಿಂದ ಕ್ರೋಮ್ ಸೇರಿದಂತೆ ಪ್ರಮುಖ ಬ್ರೌಸರ್‌ಗಳು ಆಡುವವರು ಒಮ್ಮೆ ಕ್ಲಿಕ್ ಮಾಡುವವರೆಗೂ ಶಬ್ದಕ್ಕೆ ಅವಕಾಶ ಕೊಡುವುದಿಲ್ಲ. ಶುರುವಿನಲ್ಲಿ 'ಆಡಿ' ಎಂಬ ಗುಂಡಿಯೊಂದನ್ನು ಇಟ್ಟು, ಅದನ್ನು ಒತ್ತಿದಾಗ ಶಬ್ದವನ್ನು ಎಬ್ಬಿಸಿದರೆ ಆಯಿತು. ಐಫ್ರೇಮ್‌ನಲ್ಲಿ ಬಾಣದ ಕೀಲಿ ಒತ್ತಿದರೆ ಆಟದ ಬದಲು ಹೊರಗಿನ ಪುಟ ಸರಿಯುವ ಕಿರಿಕಿರಿಯೂ ಅದೇ ಗುಂಡಿಯಿಂದ ತೀರುತ್ತದೆ.

ಫ್ಲ್ಯಾಶ್ ಆಟಗಳನ್ನು ಸೇರಿಸಬಹುದೇ?

ಹಿಂದೆ ಬ್ರೌಸರ್ ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ಮುಗಿದದ್ದು 2020ರ ಡಿಸೆಂಬರ್ 31ಕ್ಕೆ; 2021ರ ಜನವರಿ 12ರಿಂದ ಅದು ಆಟಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ರಫಲ್ ಎಂಬ ಓಪನ್ ಸೋರ್ಸ್ ಎಮ್ಯುಲೇಟರ್ (ಆ ಪ್ಲೇಯರನ್ನು ಅನುಕರಿಸುವ ತಂತ್ರಾಂಶ) ಅನೇಕ ಹಳೆಯ ಆಟಗಳನ್ನು ಈಗಲೂ ನಡೆಸುತ್ತದೆ. ಆದರೆ ಎಮ್ಯುಲೇಟರ್ ಮುಕ್ತವಾದ ಮಾತ್ರಕ್ಕೆ ಆಟ ಮುಕ್ತವಾಗುವುದಿಲ್ಲ. ಪರವಾನಗಿ ಸಹಿತ ಮೂಲ ಕೋಡ್ ಬಿಟ್ಟ ಫ್ಲ್ಯಾಶ್ ಆಟಗಳು ಬಲು ವಿರಳ. ನಾನು ಅತ್ತ ಹೋಗುವುದಿಲ್ಲ.

ಅನೇಕರು ಒಟ್ಟಿಗೆ ಆಡುವ ಆಟಗಳು?

ಸರ್ವರ್ ಬೇಕಾದ ಆಟ ಸಂಗ್ರಹದ ವಸ್ತುವಲ್ಲ, ಅದೊಂದು ಸಂಸಾರ. ಅದಕ್ಕೆ ಯಂತ್ರದ ಬಾಡಿಗೆ ಕಟ್ಟಬೇಕು, ಕೀಟಲೆ ಮಾಡುವವರನ್ನು ಕಾಯಬೇಕು. ಬ್ರೌಸರ್‌ಕ್ವೆಸ್ಟ್ ನನ್ನ ಪಟ್ಟಿಯಲ್ಲಿ ಇಲ್ಲದಿರುವುದು ಇದೇ ಕಾರಣಕ್ಕೆ. ಚದುರಂಗ ಬೇಕೆಂದವರಿಗೆ ಲಿಚೆಸ್ ತಾಣದ ಕೊಂಡಿ ಕೊಟ್ಟುಬಿಡಿ. ಅದು ಎಜಿಪಿಎಲ್ ಪರವಾನಗಿಯ ಓಪನ್ ಸೋರ್ಸ್, ಜಾಹೀರಾತಿಲ್ಲ, ಅವರಷ್ಟು ಚೆನ್ನಾಗಿ ನೀವಾಗಲಿ ನಾನಾಗಲಿ ನಡೆಸಲಾರೆವು.

ಕೋಡ್ ತಿದ್ದಿದರೆ ನನ್ನ ಮೇಲೆ ಏನು ಹೊಣೆ ಬರುತ್ತದೆ?

ಎಂಐಟಿ ಆದರೆ ಮೂಲ ಹಕ್ಕುಸ್ವಾಮ್ಯದ ಸಾಲನ್ನೂ ಪರವಾನಗಿಯ ಪಠ್ಯವನ್ನೂ ಪ್ರತಿಯೊಂದಿಗೆ ಇಟ್ಟಿರಬೇಕು. ಸುಲಭವೆನಿಸುತ್ತದೆ, ಆದರೆ ಕೋಡನ್ನು ಕುಗ್ಗಿಸುವ ಸಾಧನಗಳು ಟಿಪ್ಪಣಿಗಳನ್ನೆಲ್ಲ ಅಳಿಸುವಾಗ ಆ ಸಾಲೂ ಜೊತೆಗೇ ಹೋಗಿಬಿಡುತ್ತದೆ. ಜಿಪಿಎಲ್ ಆದರೆ ಹೊಣೆ ಹೆಚ್ಚು. ಬ್ರೌಸರ್ ಆಟದಲ್ಲಿ ಕೋಡ್ ಆಡುವವರ ಯಂತ್ರಕ್ಕೇ ಇಳಿಯುವುದರಿಂದ ಅದು ಹಂಚಿಕೆಯೇ. ಕುಗ್ಗಿಸಿದ ಕಡತ ಕೊಟ್ಟರೆ ಸಾಲದು, ತಿದ್ದಲು ಅನುಕೂಲವಾದ ಮೂಲರೂಪ ಎಲ್ಲಿ ಸಿಗುತ್ತದೆಂದು ಹೇಳಬೇಕು. ನೀವು ಮಾಡಿದ ಬದಲಾವಣೆಯೂ ಅದೇ ಪರವಾನಗಿಯಡಿ ಹೋಗುತ್ತದೆ. ಕುಗ್ಗಿಸುವ ಗೋಜೇ ಬೇಡವೆಂಬುದು ನನ್ನ ಸಲಹೆ. ಚಿಕ್ಕ ಆಟಗಳಲ್ಲಿ ಅದರಿಂದ ಉಳಿಯುವುದು ಅತ್ಯಲ್ಪ.

ಆಟಗಳನ್ನು ಕನ್ನಡಕ್ಕೆ ತರಬಹುದೇ?

ಪರವಾನಗಿ ಬಿಡುತ್ತದೆ, ತೊಡಕಿರುವುದು ತಂತ್ರದಲ್ಲಿ. ಪಠ್ಯವೆಲ್ಲ ಪ್ರತ್ಯೇಕ ಅನುವಾದ ಕಡತದಲ್ಲಿದ್ದರೆ ಕೆಲಸ ಹಗುರ. ಎ ಡಾರ್ಕ್ ರೂಮ್ ಹಾಗೆಯೇ ಅನೇಕ ಭಾಷೆಗಳಿಗೆ ಹೋಗಿದೆ. ಪಠ್ಯವನ್ನು ಚಿತ್ರದೊಳಗೆ ಬರೆದಿದ್ದರೆ, ಅಥವಾ ಒಂದೊಂದು ಅಕ್ಷರದ ಚಿತ್ರ ಜೋಡಿಸುವ ಬಿಟ್‌ಮ್ಯಾಪ್ ಫಾಂಟ್ ಬಳಸಿದ್ದರೆ ಕೈ ಹಾಕಬೇಡಿ. ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಲು ಅದಕ್ಕೆ ಬರುವುದಿಲ್ಲ. ಬ್ರೌಸರ್ ಚಿತ್ರ ಬಿಡಿಸುವ ಜಾಗವಾದ ಕ್ಯಾನ್ವಾಸ್‌ನ ಸಾಮಾನ್ಯ ಪಠ್ಯ ವಿಧಾನಕ್ಕೆ ಬದಲಿಸಿ, ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಜೊತೆಗಿಟ್ಟರೆ ಬ್ರೌಸರೇ ಸರಿಯಾಗಿ ಬಿಡಿಸುತ್ತದೆ.

ಪದಗಳ ಆಟವಾದರೆ ಇನ್ನೂ ಹುಷಾರು. 'ಅಕ್ಷರ' ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಐದು ತುಣುಕು. ಹೆಸರಾಂತ ಪದ ಆಟದ ಕೋಡ್ ತಂದು ಪದಪಟ್ಟಿಯನ್ನಷ್ಟೇ ಬದಲಿಸಿದರೆ ಒಂದು ಮನೆಯಲ್ಲಿ ಒಂಟಿ ಒತ್ತು ಬಂದು ಕೂರುತ್ತದೆ. ವ್ಯಂಜನ, ಒತ್ತು, ಸ್ವರಚಿಹ್ನೆಗಳನ್ನು ಒಂದುಗೂಡಿಸಿ ಎಣಿಸುವ ಭಾಗವನ್ನು ಹೊಸದಾಗಿಯೇ ಬರೆಯಬೇಕು. ಅಕ್ಷರಗಳು ಒಂದೊಂದಾಗಿ ಮೂಡುವ ಬೆರಳಚ್ಚಿನ ಪರಿಣಾಮಕ್ಕೂ ಇದೇ ಚಿಕಿತ್ಸೆ.

ಪ್ರತಿ ಆಟದ ಪಕ್ಕ ಏನು ಬರೆಯಬೇಕು?

'ಅದ್ಭುತ', 'ಮನಮೋಹಕ' ಇವನ್ನು ಬಿಟ್ಟು ಉಳಿದದ್ದು. ಒಂದು ಸುತ್ತಿಗೆ ಎಷ್ಟು ಹೊತ್ತು, ಕೀಲಿಮಣೆ ಬೇಕೇ ಬೆರಳು ಸಾಕೇ, ಸದ್ದಿಲ್ಲದೆ ಆಡಬಹುದೇ, ನಡುವೆ ಬಿಟ್ಟು ಮತ್ತೆ ಬರಬಹುದೇ. ಬಣ್ಣದಿಂದ ಮಾತ್ರ ವ್ಯತ್ಯಾಸ ತಿಳಿಯುವ ಆಟವಾದರೆ ಅದನ್ನೂ ಹೇಳಿ, ಏಕೆಂದರೆ ಕೆಂಪು–ಹಸಿರು ಗುರುತಿಸಲು ಕಷ್ಟಪಡುವವರು ನಾವು ಎಣಿಸಿದ್ದಕ್ಕಿಂತ ಹೆಚ್ಚು. ಪರದೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚಿದರೆ ಎಚ್ಚರಿಕೆ ಬರೆದು ಸುಮ್ಮನಾಗಬೇಡಿ, ಮಿಂಚುವುದನ್ನೇ ತೆಗೆಯಿರಿ. ಕೋಡ್ ನಿಮ್ಮ ಕೈಯಲ್ಲೇ ಇದೆಯಲ್ಲ.

ಜಾಹೀರಾತು ಹಾಕಿ ಖರ್ಚು ಹೊಂದಿಸಬಹುದೇ?

ಪರವಾನಗಿಗಳು ತಡೆಯುವುದಿಲ್ಲ. ಆದರೆ ಖರ್ಚಾದರೂ ಎಲ್ಲಿದೆ? ಗಿಟ್‌ಹಬ್ ಪೇಜಸ್ ಒಂದು ತಾಣಕ್ಕೆ 1 ಜಿಬಿ ಜಾಗವನ್ನೂ ತಿಂಗಳಿಗೆ 100 ಜಿಬಿ ಸಂಚಾರವನ್ನೂ ಪುಕ್ಕಟೆ ಕೊಡುತ್ತದೆ. ಇಂಥ ಆಟಗಳಿಗೆ ಅದು ಧಾರಾಳ.

ಯಾವಾಗ ಆಟವನ್ನು ತೆಗೆದುಹಾಕುತ್ತೀರಿ?

ಹಕ್ಕುದಾರರ ಆಕ್ಷೇಪ ಬಂದರೆ ಮೊದಲು ತೆಗೆದು, ಆಮೇಲೆ ಪರಿಶೀಲನೆ. ಬ್ರೌಸರ್ ಬದಲಾಗಿ ಆಟ ಕೆಟ್ಟಿದ್ದು, ಸರಿಪಡಿಸುವುದು ನನ್ನಿಂದಾಗದಿದ್ದರೆ ಆಗಲೂ ತೆಗೆಯುತ್ತೇನೆ. ಯಾರೂ ಆಡುತ್ತಿಲ್ಲ ಎಂಬುದು ಮಾತ್ರ ಕಾರಣವಾಗಬಾರದು. ತೆಗೆದ ಆಟದ ಹೆಸರು, ತೆಗೆದ ದಿನಾಂಕ, ಕಾರಣ, ಕೊನೆಯ ಕಮಿಟ್ ಇವು ಪಟ್ಟಿಯ ಕೆಳಗೆ ಉಳಿಯುತ್ತವೆ. ಕೋಡ್ ಕಳೆದುಹೋಗದಂತೆ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಬಹುದು. ರೆಪೊಸಿಟರಿಯ ವಿಳಾಸ ಕೊಟ್ಟರೆ ಇತಿಹಾಸ ಸಮೇತ ಅವರೇ ಎತ್ತಿಕೊಳ್ಳುತ್ತಾರೆ. ಇದನ್ನು ಆಟ ಕೆಟ್ಟ ಮೇಲೆ ಮಾಡುವುದಕ್ಕಿಂತ ಪಟ್ಟಿಗೆ ಸೇರಿಸಿದ ದಿನವೇ ಮಾಡುವುದು ಒಳ್ಳೆಯದು. ಅಷ್ಟರಲ್ಲಿ ಮೂಲ ರೆಪೊಸಿಟರಿಯೇ ಮಾಯವಾಗಿರಬಹುದು.